ಏಜೆಂಟರು ಹೇಳದ ಲೆಕ್ಕ

ಜೇವರ್ಗಿಯಲ್ಲಿ ಸ್ವಂತ ಮನೆ ಇದ್ದರೂ ಕಲಬುರಗಿಯಲ್ಲಿ ತಿಂಗಳಿಗೆ 8,000 ರೂಪಾಯಿ ಬಾಡಿಗೆ ಕಟ್ಟುತ್ತಿದ್ದೇನೆ. ವರ್ಷಕ್ಕೆ 96,000. ಒಂಬತ್ತು ಲಕ್ಷದ ಸಂಬಳದಲ್ಲಿ ಇದು ಸಣ್ಣ ಮೊತ್ತವಲ್ಲ. ಮಗಳಿಗೆ ಸೆರೆಬ್ರಲ್ ಪಾಲ್ಸಿ. ಅವಳ ಫಿಸಿಯೋಥೆರಪಿ ನಡೆಯುವುದು ಕಲಬುರಗಿಯಲ್ಲಿ. ಮೊದಲೆಲ್ಲ ಕಾಲು ಬಿಗಿದ ಕೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ಭೀಮಾ ನದಿಯ ಕಟ್ಟಿ ಸಂಗಾವಿ ಸೇತುವೆ ದಾಟಿ ಹೋಗುತ್ತಿದ್ದೆವು. ಮುಟ್ಟುವಷ್ಟರಲ್ಲಿ ದಣಿದು ಅಳುತ್ತಿದ್ದಳು, ವ್ಯಾಯಾಮಕ್ಕೆ ಮೈ ಕೊಡುತ್ತಿರಲಿಲ್ಲ. ಈಗ ದಿನಾ ಭೀಮೆ ದಾಟುವವನು ನಾನು, ಕೆಲಸಕ್ಕಾಗಿ. ಅವಳು ಕ್ಯಾಲಿಪರ್ ಕಟ್ಟಿಕೊಂಡು, ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾಳೆ. ಆ ನಡಿಗೆಗೆ ಈ ಬಾಡಿಗೆ ದುಬಾರಿ ಎಂದು ನನಗೆ ಅನಿಸಿಲ್ಲ.

ಪರಿಚಯದ ವಿಮಾ ಏಜೆಂಟರೊಬ್ಬರಿಗೆ ಅನಿಸಿದೆ. “ಸರ್ರ, ಬಾಡಿಗಿಗಿ ಹಾಕೋ ರೊಕ್ಕ ಪಾಲಿಸಿಗಿ ಹಾಕ್ರಿ. ಹುಡುಗಿಗೂ ಆಯ್ತು, 80ಡಿಡಿ ಒಳಗ ಟ್ಯಾಕ್ಸೂ ಉಳೀತದ.”

ಉಳಿಯುತ್ತದೆಯೇ? 2025-26ರ ಲೆಕ್ಕ ಹಾಕಿ ನೋಡಿ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ 9 ಲಕ್ಷದಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದರೆ 8.5 ಲಕ್ಷ. 80ಸಿಯ 1.5 ಲಕ್ಷ ಪೂರ್ತಿ ತುಂಬಿದರೆ 7 ಲಕ್ಷ. ಅಂಗವೈಕಲ್ಯವಿರುವ ಅವಲಂಬಿತರಿಗೆಂದು ಇರುವ 80ಡಿಡಿಯ 75,000 ಕಳೆದರೆ 6.25 ಲಕ್ಷ. ಇದಕ್ಕೆ ತೆರಿಗೆ 37,500. ಸೆಸ್ ಸೇರಿ 39,000. ಎಚ್‌ಆರ್‌ಎ ಸೇರಿಸಿದರೂ ಇದು ಸೊನ್ನೆಗೆ ಇಳಿಯುವುದಿಲ್ಲ. ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು 8.25 ಲಕ್ಷ, 12 ಲಕ್ಷದೊಳಗೇ ಇರುವುದರಿಂದ ರಿಬೇಟ್ ಸಿಕ್ಕು ತೆರಿಗೆ ಸೊನ್ನೆ. ಪಾಲಿಸಿಯೂ ಬೇಡ, 80ಡಿಡಿಯೂ ಬೇಡ. ಹಳೆಯ ಪದ್ಧತಿಯಲ್ಲೇ ಉಳಿಯುವವರಿಗೂ ಹೇಳುತ್ತೇನೆ: ಕನಿಷ್ಠ 40 ಪ್ರತಿಶತ ಅಂಗವೈಕಲ್ಯದ ಪ್ರಮಾಣಪತ್ರವಿದ್ದು ಮಗುವಿನ ಚಿಕಿತ್ಸೆಗೆ ಖರ್ಚು ಮಾಡುತ್ತಿದ್ದರೆ, ಖರ್ಚು ಎಷ್ಟೇ ಇರಲಿ, ಆ 75,000 ಪೂರ್ತಿ ಸಿಗುತ್ತದೆ. 80 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚಿದ್ದರೆ 1.25 ಲಕ್ಷ. ಪಾಲಿಸಿ ಕೊಂಡರೆ ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಇಷ್ಟು ಗೊತ್ತಿದ್ದೂ ಇಂಥ ಮಕ್ಕಳ ತಂದೆಯರ ಭಯ ನೋಡಿ ಎಂಡೋಮೆಂಟ್ ಪಾಲಿಸಿ ಮಾರುವವರ ಮೇಲೆ ನನಗೆ ತಾಳ್ಮೆಯಿಲ್ಲ.

“ನಾವು ಹೋದಮ್ಯಾಲ ಯಾರ ನೋಡ್ತಾರ” ಎಂಬ ಭಯ ಸುಳ್ಳಲ್ಲ. ಅದಕ್ಕೆ ತಂದೆಯ ಹೆಸರಿನಲ್ಲಿ ದೊಡ್ಡ ಟರ್ಮ್ ವಿಮೆ ಬೇಕು. ಚಿಕಿತ್ಸೆಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ: ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿಗೂ ಅದರಲ್ಲಿ ಪಾಲಿದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಸಿಗುತ್ತದೆ.

ಇನ್ನೊಂದು ಮಾತು. ಥೆರಪಿ ಕೋಣೆಯೊಳಗೆ ತಾಯಂದಿರೇ ಹೆಚ್ಚು. ತಂದೆಯರು ಹೊರಗೆ ಫೋನ್ ಹಿಡಿದು ನಿಂತಿರುತ್ತಾರೆ. ಕಂತಿನ ತಾರೀಖು ನೆನಪಿಡುವವರಿಗೆ ಕ್ಯಾಲಿಪರ್‌ನ ಅಳತೆ ಯಾವಾಗ ತೆಗೆಸಬೇಕೆಂಬುದು ಗೊತ್ತಿರುವುದಿಲ್ಲ. ಒಳಗೆ ಹೋಗಿ. ಕಾಲು ಹೇಗೆ ನೀವಬೇಕು, ಎಷ್ಟು ಬಗ್ಗಿಸಬೇಕು ಎಂದು ಕೈಯಾರೆ ಕಲಿಯಿರಿ, ಬೆಳಿಗ್ಗೆ ನೀವೇ ಮಾಡಿಸಿ. ಮಗು ಬೆಳೆದಂತೆ ಕ್ಯಾಲಿಪರ್ ಗಿಡ್ಡವಾಗುತ್ತದೆ, ಹೊಸದು ಮಾಡಿಸಲೇಬೇಕು. ಅದಕ್ಕೆಂದೇ ನಾನು ಅಂಚೆ ಕಚೇರಿಯಲ್ಲಿ ಆರ್‌ಡಿ ತೆರೆದಿದ್ದೇನೆ. ಸಂಬಳ ಬಂದ ದಿನವೇ ಅದರ ಕಂತು ಹೋಗುತ್ತದೆ.