ನೋಟದ ವೇಗ ಮತ್ತು ವಿವೇಕ

ಮೈಸೂರಿನಿಂದ ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬೇಗೂರು ಸಿಗುತ್ತದೆ. ಮುಂಗಾರಿನ ದಿನಗಳಲ್ಲಿ ಈ ಹಾದಿಯ ಇಕ್ಕೆಲಗಳಲ್ಲಿ ಸೂರ್ಯಕಾಂತಿಯ ಹೊಲಗಳು ಕಂಗೊಳಿಸುತ್ತವೆ. ಅಂತಹ ಒಂದು ಹೊಲವನ್ನು ನಾವು ವಿಡಿಯೋದಲ್ಲಿ ಸೆರೆಹಿಡಿದಿದ್ದೇವೆಂದು ಭಾವಿಸೋಣ. ಮೊದಲು ಹೊಲ, ಮರಗಳು, ಬದುವಿನ ಮೇಲೆ ಕಳೆಯ ಹೊರೆ ಹೊತ್ತ ರೈತಮಹಿಳೆ, ಎಲ್ಲವೂ ಕಾಣುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೇ ಒಂದು ಹೂವು ಪರದೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಇದೇ ವೇಗದ ಜೂಮ್.

ನಮ್ಮ ಕಣ್ಣಿಗೆ ಈ ಶಕ್ತಿಯಿಲ್ಲ. ದೂರದ ವಸ್ತುವನ್ನು ಹಿರಿದಾಗಿ ಕಾಣಬೇಕಾದರೆ ನಾವು ಅದರ ಬಳಿಗೆ ನಡೆದುಹೋಗಬೇಕು. ಕ್ಯಾಮೆರಾವಾದರೋ ನಿಂತಲ್ಲಿಯೇ ನಿಂತು, ತನ್ನ ಮಸೂರಗಳ ಅಂತರವನ್ನು ಬದಲಿಸಿ ಈ ಕಾರ್ಯವನ್ನು ಸಾಧಿಸುತ್ತದೆ. ಚಿತ್ರೀಕರಣ ಮುಗಿದ ಮೇಲೂ ಸಂಕಲನಕಾರನು ಗಣಕಯಂತ್ರದಲ್ಲಿ ಇದನ್ನು ಮಾಡಬಲ್ಲನು. ಆದರೆ ಅಲ್ಲಿ ಹೊಸ ವಿವರವೇನೂ ಹುಟ್ಟುವುದಿಲ್ಲ. ಇದ್ದ ಚಿತ್ರದ ಒಂದು ಭಾಗವೇ ಹಿಗ್ಗುತ್ತದೆ. ಎರಡು ಪಟ್ಟು ಹಿಗ್ಗಿಸಿದರೆ ಮೂಲಚಿತ್ರದ ಕಾಲುಭಾಗ ಮಾತ್ರ ಉಳಿಯುತ್ತದೆ. 3840 × 2160 ಬಿಂದುಗಳ ಚಿತ್ರದಲ್ಲಿ ಆ ಕಾಲುಭಾಗಕ್ಕೆ 1920 × 1080 ಬಿಂದುಗಳಿರುತ್ತವೆ. ಅಷ್ಟೇ ಬಿಂದುಗಳ ಪರದೆಗೆ ಇದು ಸಾಕು. ಅದನ್ನು ಮೀರಿ ಹಿಗ್ಗಿಸಿದರೆ ಹೂವಿನ ಎಸಳುಗಳು ಮಸುಕಾಗತೊಡಗುತ್ತವೆ.

ವೇಗಕ್ಕೂ ಒಂದು ಲೆಕ್ಕವುಂಟು. ಸೆಕೆಂಡಿಗೆ 25 ಚಿತ್ರಗಳು ಓಡುವ ವಿಡಿಯೋದಲ್ಲಿ 10 ಚಿತ್ರಗಳ ಜೂಮ್ ಎಂದರೆ ಕೇವಲ 0.4 ಸೆಕೆಂಡು. ಬಂಡಿಯು ಮೆಲ್ಲನೆ ಹೊರಟು, ನಡುವೆ ಓಡಿ, ಮೆಲ್ಲನೆ ನಿಲ್ಲುವಂತೆ ಜೂಮ್ ಕೂಡ ಸಾಗಿದರೆ ಕಣ್ಣಿಗೆ ಆಘಾತವಾಗುವುದಿಲ್ಲ.

ಪ್ರತಿಯೊಂದು ಮಾತನ್ನೂ ಕೂಗಿ ಹೇಳುವ ಭಾಷಣಕಾರನ ಯಾವ ಮಾತು ಮುಖ್ಯವೆಂಬುದು ಕೇಳುವವರಿಗೆ ತಿಳಿಯುವುದಿಲ್ಲ. ಹೆಜ್ಜೆಹೆಜ್ಜೆಗೂ ಬಳಸಿದ ಜೂಮ್‌ನ ಗತಿಯೂ ಅಷ್ಟೆ. ನೋಟವನ್ನು ಸೆಳೆಯಲು ಬೇರೆ ದಾರಿಗಳೂ ಇವೆ. ಮೈಸೂರಿನಲ್ಲಿ ಜನಿಸಿದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲೆಯ ನಡುವೆ ಇಳಿಯುವ ಬೆಳಕಿನ ಕೋಲಿನಿಂದಲೇ ಪ್ರೇಕ್ಷಕರ ಕಣ್ಣನ್ನು ಹಿಡಿದು ನಿಲ್ಲಿಸಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಅವರಿಗೆ ಸಂದಿತು.

ಈಗ ಬೇಗೂರಿನ ಹೊಲಕ್ಕೆ ಹಿಂದಿರುಗೋಣ. ಹೂವು ಪರದೆಯನ್ನು ತುಂಬಿದಾಗ ಹೊರೆ ಹೊತ್ತಿದ್ದ ಆ ಮಹಿಳೆ ಚೌಕಟ್ಟಿನಿಂದ ಹೊರಗುಳಿದಳು. ಹೂವಿನ ಚೆಲುವನ್ನು ಕಂಡೆವು. ಅದನ್ನು ಬೆಳೆಸಿದ ದುಡಿಮೆಯನ್ನು ಕಾಣಲಿಲ್ಲ. ಜೂಮ್ ಒಂದನ್ನು ತೋರಿಸುವಾಗ ಉಳಿದುದನ್ನೆಲ್ಲ ಮರೆಮಾಡುತ್ತದೆ. ಆದುದರಿಂದ ಯಾವುದನ್ನು ಹತ್ತಿರಕ್ಕೆ ತರಬೇಕೆಂದು ಯೋಚಿಸುವ ಸಂಕಲನಕಾರನು, ಯಾವುದು ದೂರವಾಗುತ್ತದೆ ಎಂಬುದನ್ನೂ ಯೋಚಿಸಬೇಕು. ನೋಡುವವರಾದ ನಮಗೂ ಈ ಎಚ್ಚರ ಅಗತ್ಯ.