ಐವತ್ತರ ನೋಟಿನಾಚೆಯ ಹಂಪಿ

ಹೊಸಪೇಟೆಗೆ ಬಂದಿಳಿಯುವವರಿಗೆ ಹಂಪಿ ತೋರಿಸುವುದು ನನ್ನ ಕಸುಬು. 2017ರಲ್ಲಿ ಹೊಸ ಐವತ್ತರ ನೋಟಿನ ಮೇಲೆ ಕಲ್ಲಿನ ರಥ ಅಚ್ಚಾದ ಮೇಲೆ ಅದಕ್ಕಿಂತ ದೊಡ್ಡ ಜಾಹೀರಾತು ನಮಗೆ ಬೇಕಾಗಲಿಲ್ಲ. ಬ್ಯಾಟರಿ ಗಾಡಿಯಿಂದ ಇಳಿದವರು ವಿಜಯವಿಠ್ಠಲ ಗುಡಿಯ ಅಂಗಳಕ್ಕೆ ಬಂದು, ಜೇಬಿನಿಂದ ನೋಟು ತೆಗೆದು, ಒಂದು ಕಣ್ಣು ಮುಚ್ಚಿ, ನೋಟಿನ ರಥವನ್ನು ಕಲ್ಲಿನ ರಥಕ್ಕೆ ಹೊಂದಿಸಿ ಫೋಟೊ ಹೊಡೆದುಕೊಳ್ಳುತ್ತಾರೆ. ಅದು ಗರುಡನ ಗುಡಿ ಎಂದು ಹೇಳುವಷ್ಟರಲ್ಲಿ ಅರ್ಧ ಜನ ಹೊರಟೇ ಬಿಟ್ಟಿರುತ್ತಾರೆ. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ತನ್ನ 52 ತಾಣಗಳ ಪಟ್ಟಿಯಲ್ಲಿ ಹಂಪಿಯನ್ನು ಎರಡನೆಯದಾಗಿ ಇಟ್ಟಿತು. ಪಟ್ಟಿ ಹಿಡಿದು ನನ್ನ ಬಳಿ ಬಂದವರಿಗೂ ಸಂಜೆಯ ರೈಲಿನದೇ ಚಿಂತೆ.

ಜನರನ್ನು ನಿಲ್ಲಿಸುವುದು ಏನೆಂದು ನನಗೆ ಕಲಿಸಿದ್ದು ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲ ಕೋಣೆ. ಕಿಂಡಿಯಿಂದ ಬೆಳಕು ನುಗ್ಗಿ, ಎದುರಿನ ಗೋಡೆಯ ಮೇಲೆ ದೊಡ್ಡ ಗೋಪುರ ತಲೆಕೆಳಗಾಗಿ ಮೂಡುತ್ತದೆ. ನಾನು ವಿವರಿಸಲು ಹೋಗದೆ ಮಕ್ಕಳ ಕೈಗೆ ಬಿಳಿ ಹಾಳೆ ಕೊಡುತ್ತೇನೆ. ಹಾಳೆ ಕಿಂಡಿಗೆ ಹತ್ತಿರವಾದಷ್ಟೂ ಗೋಪುರ ಚಿಕ್ಕದಾಗಿ ಬೆಳಗುತ್ತದೆ, ದೂರ ಸರಿದಷ್ಟೂ ದೊಡ್ಡದಾಗಿ ಮಸುಕಾಗುತ್ತದೆ. ಪ್ರಶ್ನೆಗಳು ಶುರುವಾಗುವುದೇ ಅಲ್ಲಿಂದ. ವಿಜಯನಗರದ ಕಾಲದ ತುರ್ತು ಕಾಲುವೆ ಇಂದಿಗೂ ಬಾಳೆತೋಟಕ್ಕೆ ನೀರುಣಿಸುವುದನ್ನು ತೋರಿಸಿದರಂತೂ ಹಾಳು ಹಂಪಿ ಎಂದುಕೊಂಡು ಬಂದವರು ದಂಡೆಯ ಮೇಲೆ ಕೂತೇ ಬಿಡುತ್ತಾರೆ.

ಪೋಸ್ಟರುಗಳಲ್ಲಿ ಖಾಲಿಯಾಗಿ, ಚೆಂದವಾಗಿ ಕಾಣುವ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ 2011ರ ತೆರವಿನ ತನಕ ಸಂಸಾರಗಳಿದ್ದವು, ಅಂಗಡಿಗಳಿದ್ದವು. ಇದನ್ನೆಲ್ಲ ಹೇಳಿದರೆ ಪ್ರವಾಸಿಗರ ಖುಷಿ ಕೆಡುತ್ತದೆ ಎನ್ನುವವರಿದ್ದಾರೆ. ನಾನು ಹೇಳುತ್ತೇನೆ. ಹಣ ಕೊಟ್ಟು ನನ್ನ ಹಿಂದೆ ಬಂದವರಿಗೆ ಊರಿನ ನಿಜ ಕೊಡದಿದ್ದರೆ ಇನ್ನೇನು ಕೊಟ್ಟಂತಾಯಿತು?

ಸಂಡೂರಿನ ವಿಷಯದಲ್ಲೂ ಅಷ್ಟೇ. 1934ರಲ್ಲಿ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದರಂತೆ. ಊರಿನವರು ಇವತ್ತಿಗೂ ಅದನ್ನು ನೆನೆಯುತ್ತಾರೆ. ಎಲ್ಲಿಗೆ ಹೋಗಬೇಕು ಎನ್ನುವುದರ ಜೊತೆಗೆ ಯಾವಾಗ ಹೋಗಬೇಕು ಎಂದೂ ಹೇಳುವ ಇಂಥ ಪ್ರಚಾರ ನನಗೆ ಬೇರೆ ಸಿಕ್ಕಿಲ್ಲ. ಮಳೆಗಾಲದ ಆ ಹಸಿರು ಬೆಟ್ಟಗಳನ್ನು ಹೊಗಳುವಾಗಲೇ ಅದಿರಿನ ಲಾರಿಗಳ ಕೆಂಧೂಳನ್ನೂ ಹೇಳಿಬಿಡುತ್ತೇನೆ. ಮೊದಲೇ ತಿಳಿದು ಹೋದವರು ಬೈದುಕೊಂಡು ವಾಪಸಾಗುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಆದರೆ ಬರೀ ಆ ಹೆಸರಿಗೆ ಯಾರೂ ಬೆಲೆ ಕೊಡುವುದಿಲ್ಲ. ಹೆಣ್ಣುಮಕ್ಕಳು ಒಂದೊಂದೇ ಕನ್ನಡಿ ಚೂರನ್ನು ದಾರದಲ್ಲಿ ಹಿಡಿದು ಕೂರಿಸುವುದನ್ನು ಸ್ವಲ್ಪ ಹೊತ್ತು ನೋಡಿದವರು ಮಾತ್ರ ಚೌಕಾಸಿ ಬಿಟ್ಟುಬಿಡುತ್ತಾರೆ.

ಕಂಪ್ಲಿಯನ್ನು ಕೇಳಿಕೊಂಡು ಬರುವವರು ಅಪರೂಪ. ಅಲ್ಲಿನ ಕಂಪಿಲರಾಯ, ಕುಮಾರರಾಮರ ರಾಜ್ಯ 1327ರ ಸುಮಾರಿಗೆ ದಿಲ್ಲಿಯ ಸೈನ್ಯದ ಎದುರು ಬಿದ್ದ ಮೇಲೆಯೇ ವಿಜಯನಗರ ಎದ್ದಿದ್ದು. ಹಾಗಾಗಿ ಎರಡು ದಿನ ಇರುವವರನ್ನು ಮೊದಲು ಕಂಪ್ಲಿ ಕೋಟೆಗೇ ಕರೆದೊಯ್ಯುತ್ತೇನೆ. ಮಳೆಗಾಲವಾದರೆ ಹೊರಡುವ ಮುನ್ನ ತುಂಗಭದ್ರಾ ಡ್ಯಾಮಿನಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ವಿಚಾರಿಸುತ್ತೇವೆ. ಹೊರಹರಿವು ಹೆಚ್ಚಾದರೆ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ರಸ್ತೆ ಬಂದ್ ಆಗುತ್ತದೆ. ಅದಕ್ಕೇ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಕಲ್ಲಿನ ರಥದ ಚಿತ್ರದ ಪಕ್ಕದಲ್ಲೇ ಆ ದಿನದ ಹೊರಹರಿವನ್ನೂ, ಕಂಪ್ಲಿ, ಸಂಡೂರಿನ ಬಸ್ಸುಗಳ ವೇಳೆಯನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಬೇಕು.