ಮೋಟಾರು ಸೈಕಲ್ಲಿಗೆ ಟಾರ್ಕ್ ರೆಂಚಿನ ಆಯ್ಕೆ

ಎತ್ತಿನ ಗಾಡಿಯ ಕಡಾಣಿ ಕಳಚಿದರೆ ಚಕ್ರವು ಅಚ್ಚಿನಿಂದ ಹೊರಬೀಳುವುದೆಂಬುದನ್ನು ಒಕ್ಕಲು ಮಕ್ಕಳೆಲ್ಲರೂ ಬಲ್ಲರು. ಮೋಟಾರು ಸೈಕಲ್ಲಿನ ಹಿಂದಿನ ಚಕ್ರದ ಅಚ್ಚಿಗೆ ಹಾಕಿರುವ ನಟ್ಟಿನ ಕೆಲಸವೂ ಇಂಥದೇ ಆಗಿರುತ್ತದೆ. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ ಇವುಗಳನ್ನು ಸಾಗಿಸುವುದಕ್ಕೂ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೂ ಗ್ರಾಮಗಳಲ್ಲಿ ಇಂದು ಈ ವಾಹನವೇ ಆಧಾರವಾಗಿದೆ. ಕೆಸರು ಧೂಳುಗಳಲ್ಲಿ ಓಡಾಡುವುದರಿಂದ ಇದರ ಚೈನು ಬೇಗನೆ ಸಡಿಲಗೊಳ್ಳುವುದು. ಅನೇಕರು ಅದನ್ನು ಮನೆಯಲ್ಲಿಯೇ ಸರಿಪಡಿಸಿಕೊಳ್ಳುವರು. ಹಾಗೆ ಮಾಡಿದಾಗಲೆಲ್ಲ ಅಚ್ಚಿನ ನಟ್ಟನ್ನು ಸಡಿಲಿಸಿ ಪುನಃ ಬಿಗಿಯಬೇಕಾಗುತ್ತದೆ. ಬಿಗಿ ಸಾಲದೆಹೋದರೆ ಸವಾರನ ಪ್ರಾಣಕ್ಕೇ ಅಪಾಯವುಂಟು.

ಬಿಗಿಯು ಮಿತಿಮೀರಿದರೂ ಹಾನಿ ತಪ್ಪದು. ಎಂಜಿನ್ನಿನ ಹೊರಮೈಯನ್ನು ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನಿಂದ ಎರಕಹೊಯ್ದಿರುತ್ತಾರೆ. ಈ ಲೋಹವು ಉಕ್ಕಿಗಿಂತ ಮೆತ್ತಗಿರುವುದರಿಂದ, ಆಯಿಲ್ ಇಳಿಸುವ ಉಕ್ಕಿನ ಬೋಲ್ಟನ್ನು ಬಲವಾಗಿ ತಿರುಗಿಸಿದರೆ ರಂಧ್ರದೊಳಗಿನ ಥ್ರೆಡ್ಡು ಕಿತ್ತುಬರುವುದು. ಆಮೇಲೆ ಆಯಿಲ್ ಸೋರುವುದು. ರಂಧ್ರವನ್ನು ಕೊರೆಯಿಸಿ ಹೊಸ ಥ್ರೆಡ್ಡು ಹಾಕಿಸುವ ಅಥವಾ ಆ ಭಾಗವನ್ನೇ ಬದಲಾಯಿಸುವ ವೆಚ್ಚವು ಮೈಮೇಲೆ ಬರುವುದು.

ಕೈಯ ಅಂದಾಜು ಏಕೆ ಸಾಲದೆಂಬುದನ್ನು ಮೊದಲು ತಿಳಿಯತಕ್ಕದ್ದು. ತಿರುಗಿಸುವ ಬಲವು ಕೈಯ ಶಕ್ತಿ, ಸ್ಪ್ಯಾನರಿನ ಉದ್ದ, ಇವೆರಡನ್ನೂ ಅವಲಂಬಿಸಿರುತ್ತದೆ. 10 ಕಿಲೋಗ್ರಾಂ ತೂಕವನ್ನು ಬೋಲ್ಟಿನಿಂದ 40 ಸೆಂಟಿಮೀಟರು ದೂರದಲ್ಲಿ ತೂಗಹಾಕಿದರೆ ಸುಮಾರು 39 ನ್ಯೂಟನ್-ಮೀಟರು ಬಲವುಂಟಾಗುವುದು. ಸ್ಪ್ಯಾನರಿಗೆ ಕೊಳವೆಯನ್ನು ಸಿಕ್ಕಿಸಿ ಉದ್ದವನ್ನು ಇಮ್ಮಡಿ ಮಾಡಿದರೆ ಅದೇ ತೂಕವು 78ರಷ್ಟು ಬಲವನ್ನು ಕೊಡುವುದು. ಕೈಗೆ ಮಾತ್ರ ಎರಡೂ ಒಂದೇ ಶ್ರಮವೆಂದು ತೋರುವುದು. ಈ ಬಲವನ್ನು ಅಳೆದು ತೋರಿಸುವ ಉಪಕರಣವೇ ಟಾರ್ಕ್ ರೆಂಚು.

ಕೊಳ್ಳುವುದಕ್ಕೆ ಮುಂಚೆ ತಮ್ಮ ವಾಹನದ ಪುಸ್ತಕದಿಂದ ಬೇಕಾದ ಅಂಕಿಗಳನ್ನು ಬರೆದುಕೊಳ್ಳತಕ್ಕದ್ದು. ಮಾಲಿಕರ ಪುಸ್ತಕದಲ್ಲಿ ಇಲ್ಲದಿದ್ದರೆ ರಿಪೇರಿಯವರ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಸ್ಥೂಲವಾಗಿ, 6 ಮಿಲಿಮೀಟರಿನ ಬೋಲ್ಟುಗಳಿಗೆ 10, ಆಯಿಲ್ ಬೋಲ್ಟಿಗೆ 20ರಿಂದ 30, ಹಿಂದಿನ ಅಚ್ಚಿನ ನಟ್ಟಿಗೆ 50ರಿಂದ 100 ನ್ಯೂಟನ್-ಮೀಟರು ಇರುವುದುಂಟು. ಇವು ತಿಳುವಳಿಕೆಗೆ ಮಾತ್ರ. ಆಯಾ ವಾಹನದ ಪುಸ್ತಕವೇ ಪ್ರಮಾಣ. ಅಂಕಿಯ ಜೊತೆಗೆ ಅಳತೆಯ ಹೆಸರನ್ನೂ ನೋಡಬೇಕು. ಒಂದು ಅಡಿ-ಪೌಂಡು ಎಂದರೆ ಸುಮಾರು 1.36 ನ್ಯೂಟನ್-ಮೀಟರು, ಒಂದು ಕಿಲೋಗ್ರಾಂ-ಮೀಟರು ಎಂದರೆ ಸುಮಾರು 9.8.

ಮನೆಯ ಕೆಲಸಕ್ಕೆ ಒದಗುವ ರೆಂಚುಗಳು ಮುಖ್ಯವಾಗಿ ಎರಡು ವಿಧ. ಮೊದಲನೆಯದು ಮುಳ್ಳಿನ ರೆಂಚು. ಇದರ ಸಲಾಕೆಯು ಬಲಕ್ಕೆ ತಕ್ಕಂತೆ ಬಾಗುವುದು. ಬಾಗದೆ ನಿಂತ ಮುಳ್ಳು ಪಟ್ಟಿಯ ಮೇಲೆ ಅಂಕಿಯನ್ನು ತೋರಿಸುವುದು. ಎರಡನೆಯದು ಟಕ್ಕೆನ್ನುವ ರೆಂಚು. ಇದರ ಹಿಡಿಯನ್ನು ತಿರುಗಿಸಿ ಅಂಕಿಯನ್ನು ಗೊತ್ತುಮಾಡಿದರೆ, ಆ ಬಲವು ಬಂದೊಡನೆ ಒಳಗಿನ ಸ್ಪ್ರಿಂಗಿನ ಏರ್ಪಾಡು ಟಕ್ಕೆಂದು ಸದ್ದುಮಾಡುವುದು. ಮುಳ್ಳು ಕಾಣದ ಇಕ್ಕಟ್ಟಿನ ಜಾಗಗಳಲ್ಲಿ ಇದು ಅನುಕೂಲ. ಆದರೆ ಸ್ಪ್ರಿಂಗು ಸೋತರೆ ಹೊರಗೆ ಗುರುತು ಕಾಣದು. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಮುಳ್ಳಿನ ರೆಂಚಾದರೋ ತನ್ನ ತಪ್ಪನ್ನು ತಾನೇ ತೋರಿಸುವುದು. ಬಲವಿಲ್ಲದಾಗ ಮುಳ್ಳು ಸೊನ್ನೆಯ ಮೇಲಿರದಿದ್ದರೆ ಅದನ್ನು ಮೆಲ್ಲನೆ ಬಾಗಿಸಿ ಸೊನ್ನೆಗೆ ತರಬಹುದು. ಆದುದರಿಂದ ಅಲ್ಪ ವೆಚ್ಚದಲ್ಲಿ ನಂಬಿಕೆಯ ಉಪಕರಣ ಬೇಕೆನ್ನುವವರಿಗೆ ಮುಳ್ಳಿನ ರೆಂಚೇ ಮೇಲು.

ಕೊಳ್ಳುವವರು ಸಾಮಾನ್ಯವಾಗಿ ಮಾಡುವ ತಪ್ಪು ಏನೆಂದರೆ, ದೊಡ್ಡದೇ ಒಳ್ಳೆಯದೆಂದು ಕಾರು, ಟ್ರಾಕ್ಟರುಗಳಿಗೆ ತಕ್ಕ ರೆಂಚನ್ನು ತರುವುದು. 28ರಿಂದ 210 ನ್ಯೂಟನ್-ಮೀಟರಿನ ಟಕ್ಕೆನ್ನುವ ರೆಂಚಿನಿಂದ 24ರ ಆಯಿಲ್ ಬೋಲ್ಟನ್ನು ಬಿಗಿಯಹೊರಟರೆ, ಸದ್ದನ್ನು ಕಾಯುತ್ತಿರುವಾಗಲೇ ಥ್ರೆಡ್ಡು ಹಾಳಾಗುವುದು. ಬೇಕಾದ ಅಂಕಿಯು ರೆಂಚಿನ ಅಳತೆಯ ಮಧ್ಯಭಾಗದ ಸುಮಾರಿಗೆ ಬೀಳುವುದು ಉತ್ತಮ. ಒಂದೇ ರೆಂಚನ್ನು ಕೊಳ್ಳುವವರು 20ರಿಂದ 110ರ ಸುಮಾರಿನದನ್ನು ಆರಿಸಿದರೆ ಆಯಿಲ್ ಬೋಲ್ಟು, ಅಚ್ಚಿನ ನಟ್ಟು ಎರಡಕ್ಕೂ ಆಗುವುದು. ಸಣ್ಣ ಬೋಲ್ಟು ಮತ್ತು ಸ್ಪಾರ್ಕ್ ಪ್ಲಗ್ಗುಗಳಿಗೆ 5ರಿಂದ 25ರ ಚಿಕ್ಕ ರೆಂಚು ಬೇರೆ ಬೇಕು. ಐಎಸ್‌ಒ 6789 ಎಂಬ ಅಂತರರಾಷ್ಟ್ರೀಯ ಮಾನಕಕ್ಕೆ ಅನುಗುಣವೆಂದು ನಮೂದಿಸಿರುವುದನ್ನು ಕೊಳ್ಳುವುದು ಕ್ಷೇಮ.

ಮುಳ್ಳಿನ ರೆಂಚನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅದರ ಚೌಕ ತುದಿಯನ್ನು ವೈಸಿನಲ್ಲಿ ಹಿಡಿಸಿ ಸಲಾಕೆಯನ್ನು ಮಟ್ಟವಾಗಿ ನಿಲ್ಲಿಸಿ, ಮುಳ್ಳು ತೋರಿಸುವ ಅಂಕಿಯನ್ನು ಗುರುತಿಟ್ಟುಕೊಳ್ಳತಕ್ಕದ್ದು. ಬಳಿಕ ಸರಿಯಾಗಿ ತೂಗಿದ 10 ಕಿಲೋಗ್ರಾಮನ್ನು ಹಿಡಿಯ ನಡುವೆ ಕಟ್ಟಿ, ಚೌಕದಿಂದ ಅಲ್ಲಿಗಿರುವ ದೂರವನ್ನು ಅಳೆಯಬೇಕು. ದೂರವು 40 ಸೆಂಟಿಮೀಟರಾದರೆ ಮುಳ್ಳು ಮೊದಲಿನ ಗುರುತಿಗಿಂತ 39ರಷ್ಟು ಮುಂದೆ ಸರಿಯಬೇಕು. ನೂರಕ್ಕೆ ಆರರಷ್ಟು ವ್ಯತ್ಯಾಸವು ಸಹ್ಯ.

ಉಪಯೋಗಿಸುವಾಗ ಹಿಡಿಯ ನಡುವೆ ಹಿಡಿದು, ಜಗ್ಗದೆ, ಸಾವಕಾಶವಾಗಿ ಎಳೆಯತಕ್ಕದ್ದು. ಮುಳ್ಳನ್ನು ನೇರವಾಗಿ ಮೇಲಿನಿಂದಲೇ ನೋಡಬೇಕು. ಪುಸ್ತಕವು ಹೇಳದ ಹೊರತು ಥ್ರೆಡ್ಡಿಗೆ ಎಣ್ಣೆ ಹಚ್ಚಬಾರದು. ಎಣ್ಣೆಯಿಂದ ಉಜ್ಜಾಟ ಕಡಮೆಯಾಗಿ ಅದೇ ಅಂಕಿಯಲ್ಲಿಯೇ ಬೋಲ್ಟು ಮಿತಿಮೀರಿ ಜಗ್ಗುವುದು. ತುಕ್ಕುಹಿಡಿದ ನಟ್ಟನ್ನು ಬಿಚ್ಚಲು ಟಾರ್ಕ್ ರೆಂಚನ್ನು ಎಂದಿಗೂ ಬಳಸಕೂಡದು. ಟಕ್ಕೆನ್ನುವ ರೆಂಚನ್ನು ಕೆಲಸವಾದ ಮೇಲೆ ಅದರ ಅತ್ಯಂತ ಕೆಳಗಿನ ಅಂಕಿಗೆ ಇಳಿಸಿಡಬೇಕು.

ಚೈನನ್ನು ಸರಿಪಡಿಸುವ ಕೆಲಸವು ತಿಂಗಳಿಗೊಮ್ಮೆ ಬಂದರೂ ರೆಂಚು ಬೇಕಾಗುವುದು ಕೆಲವು ನಿಮಿಷ ಮಾತ್ರ. ಆದುದರಿಂದ ಹತ್ತು ಮನೆಯವರು ಸೇರಿ ಒಂದನ್ನು ಕೊಂಡರೂ ಸಾಕಾಗುವುದು. ಗ್ರಾಮದ ಮುಖಂಡರು ಅದನ್ನು ಒಬ್ಬರ ವಶದಲ್ಲಿರಿಸಿ, ಪ್ರತಿಯೊಂದು ವಾಹನದ ಅಂಕಿಗಳನ್ನು ಬರೆದ ಹಲಗೆಯನ್ನು ಪಕ್ಕದಲ್ಲಿ ತೂಗಹಾಕಿಸಿದರೆ, ಅಲ್ಪ ಖರ್ಚಿನಿಂದ ಅನೇಕರ ಹಣವೂ ಪ್ರಾಣವೂ ಉಳಿಯುವುವು.